ಹಳೆಯ ಲೆಕ್ಕ ಯಾರ ಸ್ವತ್ತು?

2016ರಲ್ಲಿ ಯುಪಿಐ ಬಂದ ಮೇಲೆ ಊರಿಗೆ ಹಣ ಕಳುಹಿಸುವುದು ಕ್ಷಣದ ಕೆಲಸವಾಗಿದೆ. ಆದರೆ ಮನಿಯಾರ್ಡರಿನ ರಸೀದಿ ನಮ್ಮ ಪೆಟ್ಟಿಗೆಯಲ್ಲಿರುತ್ತಿತ್ತು. ಇಂದಿನ ಪಾವತಿಯ ದಾಖಲೆ ಅನ್ಯರ ಗಣಕದಲ್ಲಿದೆ. ಹೊರನಾಡಿನಲ್ಲಿದ್ದುಕೊಂಡು ಊರಿನ ಮನೆಯ ದುರಸ್ತಿಗೋ ಹಿರಿಯರ ಚಿಕಿತ್ಸೆಗೋ ಹಣ ಒದಗಿಸಿದವರಿಗೆ, ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬಂದಾಗ, ಆ ದಾಖಲೆಯೇ ಸಾಕ್ಷಿ.

2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಪ್ರಕಾರ ಬ್ಯಾಂಕುಗಳು ವಹಿವಾಟಿನ ದಾಖಲೆಗಳನ್ನು 5 ವರ್ಷ ಕಾಯ್ದಿರಿಸಬೇಕು. ಈ ಏರ್ಪಾಡು ತನಿಖೆಯ ಸಲುವಾಗಿ. ಗ್ರಾಹಕನ ಹಿತಕ್ಕಾಗಿ ಅಲ್ಲ. ಕುಟುಂಬದ ವ್ಯಾಜ್ಯಗಳಾದರೋ 5 ವರ್ಷಕ್ಕೆ ಮುಗಿಯುವಂಥವಲ್ಲ. ಖಾತೆ ಇರುವವರೆಗೂ ಅದರ ಸಮಗ್ರ ಲೆಕ್ಕ ಗ್ರಾಹಕನಿಗೆ ಶುಲ್ಕವಿಲ್ಲದೆ, ಅವನ ಭಾಷೆಯಲ್ಲಿಯೇ ದೊರೆಯುವಂತೆ ನಿಯಮವಾಗಬೇಕು. ಅಲ್ಲಿಯವರೆಗೆ ಪ್ರತಿ ಮಾರ್ಚ್ ಅಂತ್ಯಕ್ಕೆ ವರ್ಷದ ಲೆಕ್ಕವನ್ನು ಮುದ್ರಿಸಿ ಇಟ್ಟುಕೊಳ್ಳುವುದೇ ವಿವೇಕ.