ಮಗಳ ದಪ್ಪ ತಂತಿ, ನನ್ನ ಹಳೇ ಅಡಾಪ್ಟರು

ಕಳೆದ ಸಂಚಿಕೆಯಲ್ಲಿ ಬೆಣ್ಣೆ ಚಕ್ಕುಲಿಯ ವಿಷಯ ಬರೆದು, ಮುಂದಿನ ಸಲ ಕೊಬ್ಬರಿ ಮಿಠಾಯಿ ಮಾಡೋಣ ಎಂದು ನಿಮಗೆ ಮಾತು ಕೊಟ್ಟಿದ್ದೆ. ತಿಪಟೂರಿನಲ್ಲಿ ಕೂತು ಕೊಬ್ಬರಿಯ ಮಾತು ತಪ್ಪಿಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಸೋದರಿಯರೇ, ಈ ಹದಿನೈದು ದಿನ ಅದು ಕಾಯಲಿ. ನನ್ನ ಕೈಯಿಂದ ಒಂದು ತಪ್ಪಾಗಿದೆ. ನಿಮ್ಮ ಹತ್ತಿರ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ನಿಮ್ಮ ಮನೆಯಲ್ಲೂ ಹಳೇ ವೈರು, ಪಿನ್ನು ತುಂಬಿದ ಒಂದು ಬಿಸ್ಕತ್ತಿನ ಡಬ್ಬ ಇದ್ದೇ ಇರುತ್ತದೆ, ಅದಕ್ಕಾಗಿಯಾದರೂ ಓದಿ.

ನನ್ನ ಮಗಳು ಬೇಸ್ ಗಿಟಾರ್ ಬಾರಿಸುತ್ತಾಳೆ. ಗಿಟಾರೆಂದರೆ ನಾವು ಸಿನಿಮಾದಲ್ಲಿ ನೋಡುವ ಆರು ತಂತಿಯದ್ದಲ್ಲ. ಇದಕ್ಕೆ ನಾಲ್ಕೇ ತಂತಿ. ಒಂದೊಂದೂ ಬಾವಿಯ ಹಗ್ಗದ ತಮ್ಮನ ಹಾಗೆ ದಪ್ಪ, ಕತ್ತು ಮಾರುದ್ದ. ಮಷೀನಿಗೆ ಸಿಕ್ಕಿಸದೆ ಬಾರಿಸಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸದು. ಸಿಕ್ಕಿಸಿದರೆ ಮಾತ್ರ ಗೂಡಿನಲ್ಲಿಟ್ಟ ಸ್ಟೀಲ್ ತಟ್ಟೆಗಳು ತಾವಾಗಿಯೇ ನಡುಗುತ್ತವೆ. ಕಾಲೇಜಿನಲ್ಲಿ ಓದುತ್ತ, ಸಂಜೆ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ವಾದ್ಯ ಕೊಂಡಳು. ಊರಿನ ನಾಲ್ಕು ಹುಡುಗರ ಆರ್ಕೆಸ್ಟ್ರಾದಲ್ಲಿ ಸೇರಿಕೊಂಡಳು.

"ವೀಣೆ ಕಲಿಸಬಾರದಿತ್ತೇನ್ರೀ? ಹೆಣ್ಣುಮಗು ಕೈಗೆ ಇದ್ಯಾಕೆ?" ಎಂದು ಎದುರುಮನೆಯಾಕೆ ಕೇಳಿದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಆಗ ಮಗಳು ನನ್ನನ್ನು ಕೂರಿಸಿಕೊಂಡು ಕ್ಯಾರೊಲ್ ಕೇ ಎಂಬ ಹೆಂಗಸಿನ ಕಥೆ ಹೇಳಿದಳು. ಅಮೆರಿಕದವರು, 1935ರಲ್ಲಿ ಹುಟ್ಟಿದವರು. ಮಕ್ಕಳನ್ನೂ ತಾಯಿಯನ್ನೂ ಸಾಕುವ ಭಾರ ಹೊತ್ತು ಲಾಸ್ ಏಂಜಲಿಸ್‌ನ ಸ್ಟುಡಿಯೋಗಳಲ್ಲಿ ಗಿಟಾರ್ ಬಾರಿಸುತ್ತಿದ್ದರಂತೆ. 1963ರಲ್ಲಿ ಒಂದು ದಿನ ಬೇಸ್ ಬಾರಿಸುವಾತ ಬರಲೇ ಇಲ್ಲ. "ನೀವೇ ಹಿಡೀರಿ" ಅಂದರು, ಹಿಡಿದರು. ಆಮೇಲೆ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಕೆಳಗಿನ ನಾದ ಅವರದೇ. ಬೀಚ್ ಬಾಯ್ಸ್ ಎಂಬ ದೊಡ್ಡ ತಂಡದ 1966ರ ರೆಕಾರ್ಡಿಗೂ ಅವರು ಬಾರಿಸಿದ್ದಾರೆ. 1969ರಲ್ಲಿ ಈ ವಾದ್ಯ ಕಲಿಯುವವರಿಗೆ ಪುಸ್ತಕವನ್ನೂ ಬರೆದರು. ಮಕ್ಕಳನ್ನು ಸಾಕಲು ಬಾರಿಸಿದರು ಎಂದ ಮೇಲೆ ನನ್ನ ಬಾಯಿ ಕಟ್ಟಿತು.

ಆ ಹೆಂಗಸು ತಂತಿಯ ಬುಡದಲ್ಲಿ ಒಂದು ತುಂಡು ಉಣ್ಣೆಬಟ್ಟೆ ಇಟ್ಟು ಬಾರಿಸುತ್ತಿದ್ದರಂತೆ. ಹಾಗೆ ಮಾಡಿದರೆ ನಾದ ಗುಂಯ್ ಎಂದು ಎಳೆಯದೆ, ಬಡಿದಷ್ಟಕ್ಕೆ ನಿಲ್ಲುತ್ತದೆ. ಅದನ್ನು ಕೇಳಿದ ಮಾರನೆಯ ದಿನವೇ ನನ್ನ ಪಾತ್ರೆ ತೊಳೆಯುವ ಹೊಸ ಸ್ಪಂಜು ಅರ್ಧ ಮಾಯ! ಬೈಯಲು ಹೋದವಳು ಸುಮ್ಮನಾದೆ. ಮೃದಂಗದ ಎಡಗಡೆಗೆ ರವೆ ಕಲಸಿ ಮೆತ್ತುವುದಿಲ್ಲವೇ? ಅದೂ ನಮ್ಮ ಅಡುಗೆಮನೆಯದೇ ಸಾಮಾನು.

ಈಗ ಪೆಡಲ್‌ಗಳ ಮಾತಿಗೆ ಬರೋಣ. ಪೆಡಲ್ ಎಂದರೆ ಹೊಲಿಗೆ ಮಷೀನಿನ ಪೆಡಲ್ ಅಲ್ಲ. ಸಾಬೂನಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ತಗಡಿನ ಡಬ್ಬಿ. ವಾದ್ಯದಿಂದ ಬರುವ ವೈರು ಇದರೊಳಗೆ ಹೊಕ್ಕು, ಇನ್ನೊಂದು ಕಡೆಯಿಂದ ಹೊರಟು ಮಷೀನಿಗೆ ಹೋಗುತ್ತದೆ. ಕಾಲಿನಲ್ಲಿ ಒತ್ತಿದರೆ ನಾದದ ಬಣ್ಣವೇ ಬೇರೆ. ಕಂಪ್ರೆಸರ್ ಅನ್ನುವುದು ಜೋರಾದ ಪೆಟ್ಟನ್ನು ತಗ್ಗಿಸಿ, ಮೆತ್ತನೆಯದನ್ನು ಸ್ವಲ್ಪ ಎತ್ತಿ, ಎಲ್ಲವನ್ನೂ ಒಂದು ಹದಕ್ಕೆ ತರುತ್ತದೆ. ಆಕ್ಟೇವ್ ಅನ್ನುವುದು ನೀವು ಬಾರಿಸಿದ ಸ್ವರದ ಜೊತೆಗೆ ಕೆಳಗಿನ ಸ್ಥಾಯಿಯ ಅದೇ ಸ್ವರವನ್ನು ಸೇರಿಸುತ್ತದೆ. ಓವರ್‌ಡ್ರೈವ್ ಎಂಬುದು ಕೂಗಿ ಕೂಗಿ ಗಂಟಲು ಕಟ್ಟಿದವರ ದನಿಯಂತೆ ನಾದವನ್ನು ಒರಟು ಮಾಡುತ್ತದೆ. ದುಡ್ಡು ಕೊಟ್ಟು ದನಿ ಕೆಡಿಸಿಕೊಳ್ಳುವುದೇ ಅಂತ ನಮ್ಮವರು ನಕ್ಕರು. ಮಗಳಿಗೆ ಬೇಕಾಗಿದ್ದದ್ದು ಅದೇ. ಸೆಕೆಂಡ್ ಹ್ಯಾಂಡ್, 3,200 ರೂಪಾಯಿ. ಅರ್ಧ ದುಡ್ಡು ನನ್ನ ಚೀಟಿ ಹಣದ್ದು; ನಮ್ಮವರಿಗೆ ಇದು ಈ ಪತ್ರಿಕೆ ಓದಿದ ಮೇಲೆಯೇ ಗೊತ್ತಾಗುವುದು.

ಗಣಪತಿ ಕೂರಿಸುವುದಕ್ಕೆ ನಾಲ್ಕು ದಿನ ಇತ್ತು. ಬಡಾವಣೆಯ ಪೆಂಡಾಲಿನಲ್ಲಿ ಇವರದೇ ಕಾರ್ಯಕ್ರಮ. ಪೆಡಲಿನ ಬ್ಯಾಟರಿ ಮುಗಿದುಹೋಗಿತ್ತು. (ಬಾರಿಸದಿದ್ದರೂ ಒಳಬರುವ ತೂತಿನಲ್ಲಿ ವೈರು ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದಂತೆ, ರಾತ್ರಿ ಕಿತ್ತಿಡಬೇಕು.) ಮಗಳು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ನಾನು ಬಿಸ್ಕತ್ತಿನ ಡಬ್ಬ ತೆಗೆದು ಹುಡುಕಿದೆ. ಇಂಟರ್‌ನೆಟ್ಟಿನ ಹಳೇ ಡಬ್ಬಿಯ ಅಡಾಪ್ಟರು ಸಿಕ್ಕಿತು. ಅದರ ಮೇಲೆ 9 ವೋಲ್ಟ್ ಎಂದು ಬರೆದಿತ್ತು. ಪೆಡಲಿನ ಮೇಲೂ 9 ವೋಲ್ಟ್. ಪಿನ್ನೂ ಸರಿಯಾಗಿ ಕೂತಿತು. ಅವಳು ಸ್ನಾನಕ್ಕೆ ಹೋಗಿದ್ದಾಗ, ಬಂದಾಗ ಆಶ್ಚರ್ಯವಾಗಲಿ ಅಂತ ನಾನೇ ಸಿಕ್ಕಿಸಿ ಸ್ವಿಚ್ ಹಾಕಿದೆ.

ಒಂದು ಸಲ ಕೆಂಪು ದೀಪ ಕೂಡ ಹತ್ತಲಿಲ್ಲ. ಸುಟ್ಟ ವಾಸನೆ ಬಂತು, ಅಷ್ಟೆ.

ಮಗಳು ಬೈಯಲಿಲ್ಲ. "ಹೋಗ್ಲಿ ಬಿಡಮ್ಮ" ಅಂದು ರೂಮಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಮದುವೆಯಾಗಿ ಬಂದ ವರ್ಷ ನನ್ನ ಹಾರ್ಮೋನಿಯಂ ತವರಿನ ಅಟ್ಟದಲ್ಲೇ ಉಳಿಯಿತು. ಇಲಿ ತಿದಿಯನ್ನು ಕಡಿದುಹಾಕಿತು. ಅದನ್ನು ಯಾರೂ ಬೇಕೆಂದು ಕೆಡಿಸಲಿಲ್ಲ, ಗಮನ ಕೊಡಲಿಲ್ಲ ಅಷ್ಟೆ. ಈಗ ನಾನೂ ಹಾಗೇ ಮಾಡಿದೆನಲ್ಲ ಅನ್ನಿಸಿತು.

ಮಾರನೆಯ ದಿನ ರಿಹರ್ಸಲ್ ನಮ್ಮ ಮನೆಯಲ್ಲೇ. ಪೆಡಲ್ ಇಲ್ಲದೆ ಬರೀ ವಾದ್ಯ ಸಿಕ್ಕಿಸಿ ಬಾರಿಸಿದಳು. ನಾನು ಹುಡುಗರಿಗೆ ಅವಲಕ್ಕಿ ಕಲಸುತ್ತ ಬಾಗಿಲ ಹತ್ತಿರ ನಿಂತಿದ್ದೆ. ಮೊದಲನೇ ಹಾಡು ಮುಗಿದಾಗ ಡ್ರಮ್ಸ್ ಹುಡುಗ, "ಅಕ್ಕಾ, ಬೇಜಾರ್ ಮಾಡ್ಕೋಬೇಡ. ಇವತ್ತೇ ನಂಗೆ ನಿನ್ನ ಬೇಸ್ ಕೇಳ್ಸಿದ್ದು" ಎಂದ. ಮಗಳಿಗೆ ಸಿಟ್ಟು ಬಂತು. "ಹಂಗಂದ್ರೆ ಇಷ್ಟು ದಿನ ನಾನು ಸುಮ್ನೆ ಬಡೀತಿದ್ನಾ?" ಅವನು ಪಾಪ, ತನಗೆ ತಿಳಿದಂತೆ ಹೇಳಿದ. ಕಾಲಿನಲ್ಲಿ ಒದೆಯುವ ದೊಡ್ಡ ಡ್ರಮ್ಮಿನ ಪೆಟ್ಟೂ ಬೇಸಿನ ಪೆಟ್ಟೂ ಒಂದೇ ಕ್ಷಣಕ್ಕೆ ಬಿದ್ದರೆ ಹಾಡಿಗೆ ನೆಲ ಸಿಗುತ್ತದೆ. ಓವರ್‌ಡ್ರೈವ್ ಹಾಕಿದಾಗ ಕೆಳಗಿನ ಗಟ್ಟಿತನ ಕರಗಿ, ನಾದ ಮೇಲೇರಿ ಗಿಟಾರಿನವನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. ಅವನೂ ದನಿ ಹೆಚ್ಚಿಸುವುದು, ಇವಳೂ ಹೆಚ್ಚಿಸುವುದು, ಕೊನೆಗೆ ಹಾಡುವವನ ಮಾತೇ ಕೇಳದು.

ನಮ್ಮ ಭಜನಾ ಮಂಡಳಿಯಲ್ಲಿ ಇದು ನಡೆಯದ ಶುಕ್ರವಾರವೇ ಇಲ್ಲ! ಮೂರು ಜನ ತಾಳ ಹಿಡಿದರೆ ಮೂವರಿಗೂ ತಮ್ಮ ತಾಳವೇ ಕೇಳಬೇಕು. ನಾನೂ ಆ ಮೂವರಲ್ಲೊಬ್ಬಳು.

ಅವಳ ಸಿಟ್ಟು ಅರ್ಧ ಗಂಟೆಯಲ್ಲಿ ಇಳಿಯಿತು. ಆಮೇಲೆ ಡ್ರಮ್ಸ್ ಹುಡುಗನ ಕಾಲನ್ನೇ ನೋಡುತ್ತ ಬಾರಿಸತೊಡಗಿದಳು. ಎರಡನೇ ಹಾಡಿಗೆ ಅರ್ಧದಷ್ಟು ಸ್ವರಗಳನ್ನು ಬಿಟ್ಟೇಬಿಟ್ಟಳು. ನನಗೆ ಸಂಗೀತಶಾಸ್ತ್ರ ಗೊತ್ತಿಲ್ಲ, ಎಸ್.ಎಸ್.ಎಲ್.ಸಿ. ಓದಿದವಳು. ಆದರೆ ಬಾಣಲೆ ಹಿಡಿದಿದ್ದ ನನ್ನ ಕೈ ತಾನಾಗಿಯೇ ತಾಳ ಹಾಕುತ್ತಿತ್ತು.

ಆ ದಿನ ಇನ್ನೊಂದು ತೊಂದರೆಯೂ ಬಯಲಾಯಿತು. ಬಾರಿಸದೆ ಸುಮ್ಮನಿದ್ದರೂ ಮಷೀನಿನಿಂದ ದುಂಬಿಯಂಥ ಸದ್ದು. ಅವಳು ತಂತಿಯ ಮೇಲೆ ಕೈಯಿಟ್ಟರೆ ಕಡಿಮೆಯಾಗುವುದು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅದುರುತ್ತದೆ. ಬೇಸಿನ ಅತಿ ದಪ್ಪ ತಂತಿ ಸುಮಾರು 41 ಸಲ, ಅದರ ಪಕ್ಕದ್ದು 55 ಸಲ. ಕರೆಂಟಿನ ಸದ್ದು ಸರಿಯಾಗಿ ಅವೆರಡರ ನಡುವೆ ಬಂದು ಕೂರುತ್ತದೆ! ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಹಳೇ ಹಾಲಿನ ಪ್ಲಗ್ಗಿಗೆ ಅರ್ತ್ ವೈರೇ ಇಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಮಾಡಿಸಿದೆವು. ಸದ್ದು ಬಹಳ ಮಟ್ಟಿಗೆ ಹೋಯಿತು. ಸದ್ದಿನ ಮಾತಿರಲಿ, ಲೋಹದ ತಂತಿ ಹಿಡಿಯುವ ಮಗು ಅದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಮುರಿದು ಎರಡು ಪಿನ್ನಿನ ತೂತಿಗೆ ತುರುಕುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

ಸತ್ತ ಪೆಡಲನ್ನು ನಾನೇ ಸೆರಗಿನಲ್ಲಿ ಮುಚ್ಚಿಕೊಂಡು ಟಿ.ವಿ. ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಬಿಚ್ಚಿ ನೋಡಿ ನಕ್ಕರು. "ಅಮ್ಮಾ, ನಿಮ್ಮ ಅಡಾಪ್ಟರಲ್ಲಿ ಪ್ಲಸ್ ಮಧ್ಯೆ, ಮೈನಸ್ ಸುತ್ತ. ಇದಕ್ಕೆ ಉಲ್ಟಾ ಬೇಕು." ಅಡಾಪ್ಟರಿನ ಮೇಲೆ ಒಂದು ಚುಕ್ಕಿ, ಅದರ ಸುತ್ತ ಅರ್ಧ ಚಂದ್ರನಂಥ ಗೆರೆ, ಎರಡಕ್ಕೂ ಪ್ಲಸ್ಸು ಮೈನಸ್ಸು ಗುರುತು ಇರುತ್ತದೆ. ಚುಕ್ಕಿಗೆ ಯಾವ ಗುರುತು ಸೇರಿದೆಯೋ ಅದೇ ಮಧ್ಯದ್ದು. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವಕ್ಕೆ ಮಧ್ಯೆ ಮೈನಸ್ ಬೇಕು. ಮನೆಯ ಬೇರೆ ಸಾಮಾನುಗಳಿಗೆ ಸಾಮಾನ್ಯವಾಗಿ ಮಧ್ಯೆ ಪ್ಲಸ್. ವೋಲ್ಟ್ ಎರಡರಲ್ಲೂ ಒಂದೇ ಇರಬೇಕು. ಮಿಲಿಆಂಪ್ ಎಂಬ ಅಂಕಿ ಅಡಾಪ್ಟರಿನಲ್ಲಿ ಹೆಚ್ಚಿದ್ದರೆ ಚಿಂತೆಯಿಲ್ಲ, ಕಡಿಮೆ ಇರಬಾರದು. ನಮ್ಮ ಪುಣ್ಯಕ್ಕೆ, ಇಂಥ ತಪ್ಪಿಗೆಂದೇ ಒಳಗಿಟ್ಟಿದ್ದ ಡಯೋಡ್ ಒಂದೇ ಸುಟ್ಟು, ಮಿಕ್ಕದ್ದನ್ನು ಉಳಿಸಿತ್ತು. ಅವರು ಅದನ್ನು ಬದಲಿಸಿ, 80 ರೂಪಾಯಿ ತೆಗೆದುಕೊಂಡರು.

ಕಾರ್ಯಕ್ರಮದ ದಿನ ಮಗಳು ಆ ಪೆಡಲನ್ನು ಒಂದೇ ಹಾಡಿಗೆ ಒತ್ತಿದಳು, ಅದೂ ಗಿಟಾರಿನವನು ಸುಮ್ಮನಿದ್ದ ನಾಲ್ಕು ಸಾಲಿಗೆ. ನಮ್ಮವರು ಹಿಂದಿನ ಕುರ್ಚಿಯಲ್ಲಿ ಕೂತು, "ಎಲ್ಲರದ್ದೂ ಕೇಳುತ್ತೆ, ನಮ್ಮವಳದ್ದು ಮಾತ್ರ ಕೇಳಲ್ಲವಲ್ಲೇ" ಎಂದು ಗೊಣಗುತ್ತಿದ್ದರು. ಕೊನೆಯ ಹಾಡಿನ ಮಧ್ಯೆ ಅವಳು ಕೈ ನಿಲ್ಲಿಸಿದಳು. ಹಾಡು ಅಷ್ಟು ಹೊತ್ತು ಕಾಲು ಊರದೆ ಗಾಳಿಯಲ್ಲಿ ನಿಂತಂತಾಯಿತು. ಮತ್ತೆ ಆ ದಪ್ಪ ನಾದ ಬಂದು ಸೇರಿದಾಗ ಮುಂದಿನ ಸಾಲಿನ ಮಕ್ಕಳೆಲ್ಲ ಎದ್ದು ಕುಣಿದವು. ನಮ್ಮವರು ನನ್ನ ಕಡೆ ನೋಡಿದರು. ಏನೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಬಂದಾಗ, ಬಿಸ್ಕತ್ತಿನ ಡಬ್ಬ ಜಗಲಿಯ ಮೇಲೆ ಸುರಿದಿತ್ತು. ನಮ್ಮವರು ಕನ್ನಡಕ ಏರಿಸಿಕೊಂಡು, ಒಂದೊಂದು ಅಡಾಪ್ಟರಿಗೂ ಪ್ಲಾಸ್ಟರ್ ಸುತ್ತಿ, ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದರು: "ಮಧ್ಯೆ ಪ್ಲಸ್. ಮಗಳ ಡಬ್ಬಿಗೆ ಹಾಕಬಾರದು."