ಕಾರ್ಬನ್ ಸೈಕಲ್ಲಿನ ಚೆಲುವು: ಒಂದು ಔಚಿತ್ಯ ವಿಚಾರ

ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಇತ್ತೀಚೆಗೆ ರವಿವಾರದ ಬೆಳಗುಗಳಲ್ಲಿ ಹೊಸ ಬಗೆಯ ಸೈಕಲ್ಲುಗಳು ಕಾಣಿಸುತ್ತವೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಪಕ್ಕದಲ್ಲಿ ಬೆನ್ನು ಬಾಗಿಸಿ ಸದ್ದಿಲ್ಲದೆ ಸಾಗುವ ಈ ಸವಾರರ ವಾಹನವನ್ನು ಕಂಡು ನಮ್ಮ ಭಾಗದ ಹುಡುಗರು ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ಲಯ್ ಭಾರಿ’. ಏಳು ಕಿಲೋ ತೂಗುವ, ಹಗುರತನವನ್ನೇ ತನ್ನ ಹಿರಿಮೆಯೆಂದು ಹೇಳಿಕೊಳ್ಳುವ ವಸ್ತುವಿಗೆ ‘ಭಾರಿ’ ಎಂಬ ಮೆಚ್ಚುಗೆ! ನಗು ಬರುವುದು ಸಹಜ. ಆದರೆ ಈ ಮಾತಿನ ಹಿಂದೆ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ವಿಚಾರ ಮಾಡಬೇಕಾದ ವಿಷಯವೊಂದಿದೆ. ಒಂದು ವಸ್ತುವನ್ನು ಛಂದ ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಛಂದ ಅಲ್ಲವೆಂದು ತಳ್ಳಿಹಾಕುವಾಗ ಯಾವ ಕಾರಣ ಕೊಡುತ್ತೇವೆ?

ಸೈಕಲ್ ಸವಾರರಲ್ಲಿಯೇ ಈ ಪ್ರಶ್ನೆ ಪದೇ ಪದೇ ಏಳುತ್ತದೆ. ಕಂಪನಿಯೊಂದು ತನ್ನ ಹೆಸರಾಂತ ಕಾರ್ಬನ್ ಸೈಕಲ್ಲನ್ನು ಹೊಸದಾಗಿ ರೂಪಿಸಿದಾಗ, ಅದನ್ನು ಯಾರೂ ಓಡಿಸಿ ನೋಡುವ ಮೊದಲೇ ಅದರ ನೋಟದ ಬಗ್ಗೆ ವಾದ ಹುಟ್ಟುತ್ತದೆ. 2019ರಲ್ಲಿ ಕ್ಯಾನನ್‌ಡೇಲ್ ಕಂಪನಿಯ ಸೂಪರ್‌ಸಿಕ್ಸ್ ಇವೊ ತನ್ನ ತೆಳುವಾದ ದುಂಡು ಪೈಪುಗಳನ್ನು ಬಿಟ್ಟು, ಗಾಳಿಯನ್ನು ಸೀಳುವ ಚಪ್ಪಟೆ ಪೈಪುಗಳನ್ನು ಧರಿಸಿತು; ಹಿಂದಿನ ಗಾಲಿಯಿಂದ ಸೀಟಿನ ಕಡೆಗೆ ಏರುವ ಕೊಳವೆಗಳು ಕೆಳಗೇ ಬಂದು ಕೂಡಿಕೊಂಡವು. ‘ಈಗ ಎಲ್ಲ ಸೈಕಲ್ಲುಗಳೂ ಒಂದೇ ತರಹ ಕಾಣುತ್ತವೆ’ ಎಂದು ಬಹಳ ಜನ ನಿಟ್ಟುಸಿರು ಬಿಟ್ಟರು. 2022ರ ಟ್ರೆಕ್ ಮೆಡೋನ್ ಸೈಕಲ್ಲಿನಲ್ಲಿ ಸೀಟಿನ ಕೆಳಗೆ ಫ್ರೇಮಿನ ನಡುವೆಯೇ ಒಂದು ರಂಧ್ರ ಕಾಣಿಸಿಕೊಂಡಿತು. 2023ರಲ್ಲಿ ಬಂದ ಸ್ಪೆಷಲೈಜ್ಡ್ ಕಂಪನಿಯ ಟಾರ್ಮ್ಯಾಕ್ ಎಸ್‌ಎಲ್ 8ರ ಮುಂಭಾಗ ಮೂಗಿನಂತೆ ಮುಂದಕ್ಕೆ ಚಾಚಿತು. 2024ರ ಕೊನೆಯಲ್ಲಿ ಇಟಲಿಯ ಹಳೆಯ ಮನೆತನವಾದ ಕೊಲ್ನಾಗೊ ‘ವೈ1 ಆರ್‌ಎಸ್’ ಎಂಬ ಮಾದರಿಯನ್ನು ಹೊರತಂದಾಗ, ಅದರ ಬಾಗಿದ ಅಂಗಗಳನ್ನು ಕಂಡು ಕೊಲ್ನಾಗೊ ಅಭಿಮಾನಿಗಳೇ ಎರಡು ಪಂಗಡವಾದರು. ಮರುವರ್ಷ ತಾದೆಯ್ ಪೊಗಾಚಾರ್ ಅದೇ ಸೈಕಲ್ಲನ್ನು ಟೂರ್ ದ ಫ್ರಾನ್ಸ್ ಓಟದಲ್ಲಿ ಏರಿ ಗೆದ್ದ ಮೇಲೂ ವಾದ ನಿಲ್ಲಲಿಲ್ಲ. ವೇಗವನ್ನು ಒಪ್ಪಿದವರು ರೂಪವನ್ನು ಒಪ್ಪಲಿಲ್ಲ.

ಇವೆಲ್ಲ ಹಣವಂತರ ಹರಟೆಯೆಂದು ತಳ್ಳಿಹಾಕುವುದು ಸುಲಭ. ನನ್ನ ಅಭಿಪ್ರಾಯ ಬೇರೆ. ಈ ಸವಾರರು ಮಾಡುತ್ತಿರುವುದು ವಿಮರ್ಶೆ. ಅವರಿಗೆ ಕೊರತೆಯಾಗಿರುವುದು ವಿಮರ್ಶೆಯ ಪರಿಭಾಷೆ ಮಾತ್ರ. ಆ ಪರಿಭಾಷೆ ನಮ್ಮ ಪಠ್ಯಕ್ರಮದಲ್ಲಿಯೇ ಇದೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಓದುವ ವಿದ್ಯಾರ್ಥಿ ಗುಣ, ದೋಷ, ರೀತಿ, ಔಚಿತ್ಯ ಎಂಬ ಮಾತುಗಳನ್ನು ಪರೀಕ್ಷೆಯ ಉತ್ತರಕ್ಕಷ್ಟೇ ಮೀಸಲಿಡಬೇಕಾಗಿಲ್ಲ.

ಮೊದಲು ‘ಎಲ್ಲವೂ ಒಂದೇ ತರಹ’ ಎಂಬ ಆಕ್ಷೇಪವನ್ನು ನೋಡೋಣ. ಉಕ್ಕಿನ ಕಾಲದಲ್ಲಿ ಸೈಕಲ್ಲಿನ ರೂಪವನ್ನು ಬಹುಮಟ್ಟಿಗೆ ದ್ರವ್ಯವೇ ನಿರ್ಧರಿಸುತ್ತಿತ್ತು. ದುಂಡು ಕೊಳವೆಗಳನ್ನು ಕತ್ತರಿಸಿ ಬೆಸೆದರೆ ಫ್ರೇಮು ಸಿದ್ಧ. ಕಾರ್ಬನ್ ನಾರಿಗೆ ಅಂತಹ ಹುಟ್ಟುರೂಪವಿಲ್ಲ. ರಾಳದಲ್ಲಿ ನೆನೆದ ನಾರಿನ ಪದರಗಳನ್ನು ಅಚ್ಚಿನಲ್ಲಿಟ್ಟು, ಬಿಸಿ ಮತ್ತು ಒತ್ತಡ ಕೊಟ್ಟು ಗಟ್ಟಿಗೊಳಿಸುತ್ತಾರೆ. ಅಚ್ಚು ಹೇಗೋ ರೂಪ ಹಾಗೆ. ಇಷ್ಟು ಸ್ವಾತಂತ್ರ್ಯವಿದ್ದೂ ಎಲ್ಲರೂ ಒಂದೇ ರೂಪಕ್ಕೆ ಬಂದು ನಿಂತಿರುವುದೇಕೆ? ಸ್ಪರ್ಧೆಗಳಿಗೆ ನಿಯಮ ವಿಧಿಸುವ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 1996ರ ಲುಗಾನೊ ಸನ್ನದಿನಲ್ಲಿ ಯಂತ್ರಕ್ಕಿಂತ ಮನುಷ್ಯನೇ ಮುಖ್ಯವೆಂದು ಸಾರಿತು. ಫ್ರೇಮು ಎರಡು ತ್ರಿಕೋನಗಳ ಸಾಂಪ್ರದಾಯಿಕ ಆಕಾರದಲ್ಲಿರಬೇಕೆಂದು ಕಟ್ಟುಮಾಡಿತು. 2000ದಿಂದ ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಕಡಿಮೆ ತೂಗಬಾರದೆಂಬ ಮಿತಿಯೂ ಬಂದಿತು. ನಿಯಮ ಒಂದೇ, ಗಾಳಿಸುರಂಗದ ಪರೀಕ್ಷೆ ಒಂದೇ; ಆದ್ದರಿಂದ ಉತ್ತರವೂ ಒಂದೇ ದಿಕ್ಕಿಗೆ ಹರಿಯಿತು.

ಚಂಪೂ ಕಾವ್ಯಗಳನ್ನು ಓದಿದವರಿಗೆ ಈ ಸ್ಥಿತಿ ಪರಿಚಿತವೇ ಆಗಿದೆ. ಅಷ್ಟಾದಶ ವರ್ಣನೆಗಳ ಪಟ್ಟಿ ಎಲ್ಲ ಕವಿಗಳಿಗೂ ಒಂದೇ: ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ. ಪಟ್ಟಿಗಾಗಿ ಪಟ್ಟಿಯನ್ನು ತುಂಬಿದ ಕವಿಯ ಋತುವರ್ಣನೆಯನ್ನು ಇನ್ನೊಬ್ಬನ ಕಾವ್ಯಕ್ಕೆ ಎತ್ತಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ಅದೇ ಕಟ್ಟಿನೊಳಗೆ ಪಂಪ ಬನವಾಸಿಯನ್ನು ವರ್ಣಿಸಿದಾಗ ಅದು ಪಂಪನದೇ ಆಯಿತು. ಅಂದಮೇಲೆ ಕಟ್ಟಳೆಯನ್ನು ದೂರಿ ಫಲವಿಲ್ಲ. ಕಟ್ಟಳೆಯೊಳಗೆ ರೂಪಕಾರ ತನ್ನದೇನನ್ನು ಸೇರಿಸಿದ ಎಂದು ಕೇಳುವುದೇ ನ್ಯಾಯವಾದ ಪ್ರಶ್ನೆ. ಹೆಸರಿನ ಅಕ್ಷರಗಳನ್ನು ಅಳಿಸಿದರೆ ಯಾವ ಸೈಕಲ್ಲು ಯಾರದೆಂದು ಗುರುತಿಸಲಾಗದಿದ್ದರೆ ಸವಾರರ ಆಕ್ಷೇಪ ಸರಿಯಾದದ್ದೇ.

ಎರಡನೆಯ ಆಕ್ಷೇಪ, ‘ವಿಚಿತ್ರವಾಗಿದೆ’ ಎಂಬುದು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. 1990ರ ದಶಕದ ಕೊನೆಯ ಭಾಗದಲ್ಲಿ ತೈವಾನಿನ ಜೈಂಟ್ ಕಂಪನಿಗಾಗಿ ಇಂಗ್ಲೆಂಡಿನ ಮೈಕ್ ಬರೋಸ್ ‘ಟಿಸಿಆರ್’ ಎಂಬ ಸೈಕಲ್ಲನ್ನು ರೂಪಿಸಿದ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ಲಿನ ಮೂಲ ಕಲ್ಪನೆಯೂ ಇವನದೇ. ಅಲ್ಲಿಯವರೆಗೆ ಸ್ಪರ್ಧೆಯ ಸೈಕಲ್ಲಿನ ಮೇಲಿನ ಅಡ್ಡ ಪೈಪು ನೆಲಕ್ಕೆ ಸಮಾನಾಂತರವಾಗಿರುವುದೇ ಚೆಲುವಿನ ಲಕ್ಷಣವೆನಿಸಿತ್ತು. ಬರೋಸ್ ಅದನ್ನು ಸೀಟಿನ ಕಡೆಗೆ ಇಳಿಜಾರಾಗಿಸಿದ. ತ್ರಿಕೋನ ಚಿಕ್ಕದಾದದ್ದರಿಂದ ಫ್ರೇಮು ಹಗುರವಾಯಿತು, ಬಿಗಿಯಾಯಿತು. ಕೆಲವೇ ಅಳತೆಗಳಲ್ಲಿ ಬಹಳ ಜನರಿಗೆ ಹೊಂದಿಕೊಂಡಿತು. ಹಳೆಯ ಕಣ್ಣುಗಳಿಗೆ ಅದು ರುಚಿಸಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಆ ಇಳಿಜಾರನ್ನು ಅನುಸರಿಸಿದವು. ಇಂದು ಅದೇ ರೂಢಿ. ಅಡ್ಡ ಪೈಪು ನೇರವಾಗಿರುವ ಸೈಕಲ್ಲೇ ಈಗ ವಿಶೇಷವಾಗಿ ಕಾಣುತ್ತದೆ.

ಹೊಸಗನ್ನಡ ಕವಿತೆ ಪ್ರಾಸವನ್ನು ಬಿಟ್ಟಾಗಲೂ ಹೀಗೆಯೇ ಆಯಿತಲ್ಲವೇ? ಕಣ್ಣಿಗೂ ಕಿವಿಗೂ ಸಂಸ್ಕಾರ ಬೇಕು. ಸಂಸ್ಕಾರಕ್ಕೆ ಕಾಲ ಬೇಕು. ಹಾಗೆಂದು ವಿಚಿತ್ರವಾದದ್ದೆಲ್ಲ ಮುಂದೆ ಚೆಲುವಾಗಿಯೇ ತೀರುತ್ತದೆ ಎಂದಲ್ಲ. ಇಳಿಜಾರು ಪೈಪು ಉಳಿದದ್ದು ಅದರ ಹಿಂದೆ ಕಾರಣವಿದ್ದುದರಿಂದ. ಕಾರಣವಿಲ್ಲದ ವೈಚಿತ್ರ್ಯ ಒಂದೆರಡು ವರ್ಷದ ಜಾಹೀರಾತಿನೊಂದಿಗೆ ಮುಗಿದುಹೋಗುತ್ತದೆ.

ಆ ಕಾರಣವನ್ನು ಅಳೆಯಲು ಔಚಿತ್ಯವೇ ಸರಿಯಾದ ಮಾನದಂಡ. ಸೊಂಟದ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ಸೊಂಟಕ್ಕೂ ಧರಿಸಿದರೆ ನಗೆಗೀಡಾಗುವುದು ಖಂಡಿತ ಎಂದು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ತಿಳಿಸಿದ್ದಾನೆ. ಆಭರಣದಲ್ಲಿ ದೋಷವಿಲ್ಲ, ಸ್ಥಾನದಲ್ಲಿದೆ. ಇದನ್ನು ಸೈಕಲ್ಲಿಗೆ ಅನ್ವಯಿಸಿ ನೋಡಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಮೀರಿ ಹೋಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ತಳ್ಳುವುದರಲ್ಲಿಯೇ ವ್ಯಯವಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಅಂತಹ ವೇಗದ ಸ್ಪರ್ಧಿಗೆ ಚಪ್ಪಟೆ ಪೈಪು ಉಚಿತ. ಆದರೆ ಗಾಳಿಯನ್ನು ತಡೆಯುವುದರಲ್ಲಿ ದೊಡ್ಡ ಪಾಲು ಸವಾರನ ದೇಹದ್ದೇ ಹೊರತು ಫ್ರೇಮಿನದಲ್ಲ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಪಕ್ಕದ ಊರಿಗೆ ಹೋಗಿ ಚಹಾ ಕುಡಿದು ಬರುವವನಿಗೆ ಆ ಚಪ್ಪಟೆತನ ಕೊರಳಿಗೆ ಹಾಕಿದ ಡಾಬು. ಸೈಕಲ್ಲು ಕೆಟ್ಟದ್ದಲ್ಲ, ಆ ಸವಾರ, ಆ ರಸ್ತೆ, ಆ ರೂಪ ಒಂದಕ್ಕೊಂದು ಹೊಂದಲಿಲ್ಲ.

ನನ್ನ ಮುಖ್ಯ ತಕರಾರು ಇರುವುದು ಹೊಸ ಸೈಕಲ್ಲುಗಳ ಯಾವ ಗುಣವನ್ನು ಎಲ್ಲರೂ ಮೆಚ್ಚುತ್ತಾರೋ ಅದರ ಬಗ್ಗೆಯೇ. ‘ಎಷ್ಟು ಶುಭ್ರವಾಗಿದೆ ನೋಡಿ, ಒಂದು ವಾಯರೂ ಹೊರಗೆ ಕಾಣುವುದಿಲ್ಲ’ ಎಂಬ ಮಾತನ್ನು ಹೊಸ ಮಾದರಿಯ ಪ್ರಶಂಸೆಯಲ್ಲಿ ತಪ್ಪದೆ ಕೇಳುತ್ತೇವೆ. ಬ್ರೇಕಿನ ಕೊಳವೆಗಳು ಹ್ಯಾಂಡಲಿನೊಳಗೆ ನುಗ್ಗಿ, ಹ್ಯಾಂಡಲ್ ತಿರುಗುವ ಬೇರಿಂಗಿನ ನಡುವಿನಿಂದ ಫ್ರೇಮಿನೊಳಗೆ ಇಳಿಯುತ್ತವೆ. ನೋಟಕ್ಕೆ ಇದು ಪ್ರಸಾದ ಗುಣವೇ ಮೈವೆತ್ತಂತಿದೆ: ತಿಳಿನೀರಿನಂತೆ ತಡೆಯಿಲ್ಲದ ರೂಪ. ಆದರೆ ಆ ಬೇರಿಂಗ್ ಸವೆದಾಗ ಏನಾಗುತ್ತದೆ? ಸಾದಾ ಸೈಕಲ್ಲಿನಲ್ಲಿ ಅರ್ಧ ಗಂಟೆಯ ಕೆಲಸವಾಗಿದ್ದುದು ಇಲ್ಲಿ ಬ್ರೇಕಿನ ಕೊಳವೆಯನ್ನೇ ಬಿಚ್ಚಿ, ಮರಳಿ ಜೋಡಿಸಿ, ದ್ರವ ತುಂಬಿ, ಒಳಗಿನ ಗಾಳಿ ಹೊರಡಿಸುವ ಶಸ್ತ್ರಚಿಕಿತ್ಸೆಯಾಗುತ್ತದೆ. ಹಲವು ಮಾದರಿಗಳಲ್ಲಿ ಹ್ಯಾಂಡಲ್ ಮತ್ತು ಅದರ ಕೊಂಡಿ ಒಂದೇ ತುಂಡು. ಸವಾರನ ಬೆನ್ನಿಗೆ ಉದ್ದವೆನಿಸಿದರೆ ಇಡೀ ತುಂಡನ್ನೇ ಬದಲಿಸಬೇಕು.

ಅರ್ಥ ತಡವಾಗಿ, ಶ್ರಮದಿಂದ ಹೊಳೆಯುವ ಪದಪ್ರಯೋಗಕ್ಕೆ ಆಲಂಕಾರಿಕರು ‘ಕ್ಲಿಷ್ಟ’ ದೋಷವೆಂದು ಹೆಸರಿಟ್ಟಿದ್ದಾರೆ. ಈ ಸೈಕಲ್ಲು ಹೊರಗೆ ಪ್ರಸಾದ, ಒಳಗೆ ಕ್ಲಿಷ್ಟ. ಅಟ್ಲಾಸ್, ಹೀರೋ ಸೈಕಲ್ಲುಗಳ ಕಾಲದಲ್ಲಿ ಬ್ರೇಕಿನ ಸಲಾಕೆಗಳೆಲ್ಲ ಕಣ್ಣೆದುರಿಗೇ ಇರುತ್ತಿದ್ದವು. ಯಾವುದನ್ನು ಎಳೆದರೆ ಯಾವುದು ಹಿಡಿಯುತ್ತದೆಂದು ಮೂರನೆಯ ಇಯತ್ತೆಯ ಹುಡುಗನಿಗೂ ತಿಳಿಯುತ್ತಿತ್ತು. ಗಿಡದ ನೆರಳಿನಲ್ಲಿ ಕುಳಿತ ಪಂಕ್ಚರ್ ಅಂಗಡಿಯವನಿಗೆ ಅದರಲ್ಲಿ ಬಿಚ್ಚಲಾಗದ ಭಾಗವಿರಲಿಲ್ಲ. ಆ ಸೈಕಲ್ಲು ಭಾರವಾಗಿತ್ತು, ಏರಿನಲ್ಲಿ ಎದೆಯುಸಿರು ಬಿಡಿಸುತ್ತಿತ್ತು ಎಂಬುದು ನಿಜ. ಅದನ್ನು ಹೊಗಳಿ ಹಾಡುವುದು ನನ್ನ ಉದ್ದೇಶವಲ್ಲ. ಆದರೆ ಅದರ ರೂಪ ತನ್ನ ಕೆಲಸವನ್ನು ಒಡೆಯನಿಗೆ ಓದಿ ಹೇಳುತ್ತಿತ್ತು. ಹೊಸ ರೂಪ ಒಡೆಯನಿಂದ ಕೆಲಸವನ್ನು ಮರೆಮಾಡುತ್ತದೆ. ಅಂಗಡಿಯ ಗಾಜಿನಾಚೆ ನಿಲ್ಲಿಸಿದಾಗಿನ ಚೆಲುವಿಗೂ ಹತ್ತು ವರ್ಷ ಜೊತೆಗಿದ್ದಾಗಿನ ಚೆಲುವಿಗೂ ಇರುವ ಅಂತರ ಇದೇ.

ಸ್ಪರ್ಧೆಗೆ ಇಳಿಯುವವರಿಗೆ ಇವೆಲ್ಲ ಬೇಕಲ್ಲವೇ ಎಂದು ಕೇಳಬಹುದು. ಬೇಕು. ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರಿನಲ್ಲಿಯೇ ದೋಷದೊಂದಿಗೆ ಅದೋಷವೂ ಇದೆ, ಒಂದೆಡೆ ದೋಷವಾದದ್ದು ಇನ್ನೊಂದೆಡೆ ದೋಷವಲ್ಲದಿರಬಹುದು ಎಂಬ ವಿವೇಕ ನಮ್ಮ ಮೀಮಾಂಸಕರಿಗಿತ್ತು. ಹಿಂದೆ ಕಾರಿನಲ್ಲಿ ಮೆಕ್ಯಾನಿಕ್‌ಗಳನ್ನೂ ಬದಲಿ ಸೈಕಲ್ಲುಗಳನ್ನೂ ಹೊತ್ತು ತಂಡ ಬರುವ ಯುರೋಪಿನ ವೃತ್ತಿಸವಾರನಿಗೆ ಅಡಗಿದ ಕೊಳವೆ ದೋಷವಲ್ಲ. ನಮ್ಮ ನೆರೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳನ್ನು ನೆನೆಯಿರಿ. ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲ ಅದು. ಕ್ರೀಡಾ ಇಲಾಖೆಯ ಸೈಕ್ಲಿಂಗ್ ನಿಲಯಗಳು ಅಲ್ಲಿವೆ. ಅಲ್ಲಿ ತರಬೇತಿ ಪಡೆದವರಲ್ಲಿ ರೈತಾಪಿ ಮನೆಗಳ ಮಕ್ಕಳು ಬಹಳ. ಅಂತಹ ಒಬ್ಬ ಹುಡುಗಿಗೆ ಸೈಕಲ್ಲಿನ ರೂಪ ಹರಟೆಯ ವಿಷಯವಲ್ಲ. ಲಕ್ಷಗಟ್ಟಲೆ ಬೆಲೆಯ ಫ್ರೇಮಿನ ಒಂದು ಚಿಕ್ಕ ಭಾಗ ಸವೆದು, ಅದು ಪುಣೆಯಿಂದಲೋ ಬೆಂಗಳೂರಿನಿಂದಲೋ ಬರುವವರೆಗೆ ಅಭ್ಯಾಸ ನಿಂತರೆ, ಆ ಶುಭ್ರ ರೂಪಕ್ಕೆ ಬೆಲೆ ತೆತ್ತವಳು ಅವಳೇ. ಅವಳ ಕಣ್ಣಿನಿಂದ ನೋಡಿದಾಗ ಹೊರಗೆ ಕಾಣುವ ಒಂದು ವಾಯರ್ ಕುರೂಪವಲ್ಲ, ಉಪಕಾರ.

ಹೀಗೆ ಕಾರಣ ಕೊಟ್ಟು ಮಾತನಾಡುವುದು ವಿಮರ್ಶೆ. ‘ಭಾರಿ’ ಎಂದು ಸುಮ್ಮನಾಗುವುದು ಉದ್ಗಾರ. ಉದ್ಗಾರದಲ್ಲಿ ತಪ್ಪೇನೂ ಇಲ್ಲ, ಆದರೆ ಅದರಿಂದ ಮುಂದೆ ಹೋಗಲು ಭಾಷೆ ಬೇಕು. ನೂಲ, ಹಲಕರ್ಣಿ, ಗಡಹಿಂಗ್ಲಜ ಸೀಮೆಯ ನಾವು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ವಸ್ತುಗಳ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಓದುತ್ತ ಬದುಕುವವರು. ಹೊಸ ವಸ್ತು ಬಂದಾಗ ಅದರ ಹೆಸರಿನ ಜೊತೆಗೆ ಅದರ ಬಗೆಗಿನ ಅಭಿಪ್ರಾಯವೂ ಪೆಟ್ಟಿಗೆಯೊಳಗಿಂದಲೇ ಬರುತ್ತದೆ. ಹೆಸರು ಬರಲಿ, ಪೆಡಲ್, ಬ್ರೇಕ್, ಕಾರ್ಬನ್ ಎಂಬವು ಈಗ ನಮ್ಮ ಮಾತುಗಳೇ. ಅಭಿಪ್ರಾಯವನ್ನು ಮಾತ್ರ ನಾವೇ ರೂಪಿಸಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿದ್ದು ಕನ್ನಡ ಐಚ್ಛಿಕ ತೆಗೆದುಕೊಂಡು ಏನು ಮಾಡುವಿರಿ ಎಂದು ಕೇಳುವವರಿಗೆ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು: ಒಂದು ವಸ್ತುವಿನ ಎದುರು ನಿಂತು, ಇದು ಏಕೆ ಚೆಲುವು, ಯಾರಿಗೆ ಚೆಲುವು, ಎಲ್ಲಿಯವರೆಗೆ ಚೆಲುವು ಎಂದು ವಿವರಿಸಬಲ್ಲ ಕನ್ನಡ ನಮ್ಮಲ್ಲಿದೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಸೂಚನೆ. ಈ ಸತ್ರದ ಕಾವ್ಯಮೀಮಾಂಸೆಯ ಸ್ವಾಧ್ಯಾಯಕ್ಕೆ ಕವಿತೆಯೊಂದರ ಜೊತೆಗೆ ನಿಮ್ಮ ಮನೆಯ ಒಂದು ವಸ್ತುವನ್ನೂ ಆರಿಸಿಕೊಳ್ಳಿ. ಸೈಕಲ್ಲು, ಕೊಡಪಾನ, ಮೋಟರಿನ ಪಂಪು, ಯಾವುದಾದರೂ ಆಗಬಹುದು. ಅದರ ಗುಣ ಎರಡು, ದೋಷ ಎರಡು, ಔಚಿತ್ಯದ ಬಗ್ಗೆ ಒಂದು ಪರಿಚ್ಛೇದ ಬರೆಯಿರಿ. ಬರೆಯುವ ಮೊದಲು ಅದನ್ನು ದುರಸ್ತಿ ಮಾಡುವವರನ್ನು ಒಮ್ಮೆ ಮಾತನಾಡಿಸಿ. ವಸ್ತುವಿನ ಒಳಗನ್ನು ಕಂಡವರು ಅವರು. ಅವರ ಮಾತಿನಲ್ಲಿ ನಮ್ಮ ಪಠ್ಯಪುಸ್ತಕಕ್ಕೆ ಸಿಗದ ಉದಾಹರಣೆಗಳಿರುತ್ತವೆ.