ಆಫ್ರಿಕದ ವ್ಯಾಪಾರವೂ ನಮ್ಮ ತೊಗರಿಯೂ

ಚೀನ ದೇಶವು ಆಫ್ರಿಕ ಖಂಡವನ್ನು ವ್ಯಾಪಾರದ ಬಲೆಯಲ್ಲಿ ಹಿಡಿದಿರುವುದೆಂಬ ಮಾತು ನಮ್ಮ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಆಗಾಗ ಕೇಳಿಬರುತ್ತಿದೆ. ಕೆಲವರು ಅದನ್ನು ಕಂಡು ಬೆರಗಾಗುವರು, ಕೆಲವರು ಭಯಪಡುವರು. ಆದರೆ ಅದೇ ಖಂಡದೊಡನೆ ನಾವೂ ಒಂದು ವ್ಯಾಪಾರವನ್ನು ನಡೆಸುತ್ತಿದ್ದೇವೆಂಬುದೂ, ಅದರ ಪೆಟ್ಟು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆಹೊಲಗಳವರೆಗೆ ಬಂದು ಮುಟ್ಟುತ್ತಿದೆಯೆಂಬುದೂ ಪಟ್ಟಣಿಗರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ. ಆ ವ್ಯಾಪಾರದ ಸರಕು ತೊಗರಿ.

ಮೊದಲು ಚೀನದ ರೀತಿಯನ್ನು ನೋಡುವಾ. ಟಾಂಜಾನಿಯದ ದಾರ್-ಎಸ್-ಸಲಾಮ್ ಬಂದರಿನಿಂದ ಜಾಂಬಿಯದವರೆಗೆ 1,860 ಕಿಲೋಮೀಟರುಗಳ ರೈಲುದಾರಿಯನ್ನು ಅದು 1975ರಲ್ಲಿಯೇ ಹಾಕಿ ಮುಗಿಸಿತು. 2000ನೆಯ ಇಸವಿಯಿಂದ ಮೂರು ವರ್ಷಕ್ಕೊಮ್ಮೆ ಆಫ್ರಿಕದ ರಾಷ್ಟ್ರಗಳೊಡನೆ ಸಮ್ಮೇಲನವನ್ನು ನಡೆಸುತ್ತ ಬಂದಿದೆ. 2024ರಲ್ಲಿ ಉಭಯತರ ವ್ಯಾಪಾರವು ಸುಮಾರು 295 ಶತಕೋಟಿ ಡಾಲರುಗಳಿಗೆ ಏರಿತು. ಅದೇ ವರ್ಷದ ಡಿಸೆಂಬರ 1ರಿಂದ ಆಫ್ರಿಕದ 33 ಬಡ ದೇಶಗಳ ಸರಕಿನ ಮೇಲಿನ ಸುಂಕವನ್ನು ಚೀನ ತೆಗೆದುಹಾಕಿತು.

ಇದು ಧರ್ಮಕಾರ್ಯವಲ್ಲವೆಂಬುದು ಸ್ಪಷ್ಟ. ಆಫ್ರಿಕದಿಂದ ತಾಮ್ರ, ಕೋಬಾಲ್ಟ, ಎಣ್ಣೆಗಳು ಹೋಗುತ್ತವೆ. ಯಂತ್ರಗಳೂ ಬಟ್ಟೆಬರೆಯೂ ಬರುತ್ತವೆ. ಲೆಕ್ಕದ ಕೊನೆಗೆ ಕೊರತೆಯು ಆಫ್ರಿಕದ ಪಾಲಿಗೇ ಉಳಿಯುತ್ತದೆ. 2017ರಲ್ಲಿ ತೆರೆದ ಮೊಂಬಾಸ-ನೈರೋಬಿ ರೈಲಿನ ಸಾಲವು ಕೆನ್ಯದ ಬೊಕ್ಕಸಕ್ಕೆ ಭಾರವಾಗಿದೆ. ಚೀನಕ್ಕೆ ಬಹಳವಾಗಿ ಸಾಲಬಿದ್ದಿದ್ದ ಜಾಂಬಿಯವು 2020ರಲ್ಲಿ ಕಂತು ಕಟ್ಟಲಾರದೆ ಕೈಚೆಲ್ಲಿತು. ದೋಷಗಳು ಇಷ್ಟಿದ್ದರೂ ಚೀನದಲ್ಲಿ ಒಂದು ಗುಣವುಂಟು: ನಾಳೆ ಏನು ಕೊಳ್ಳುವೆನೆಂಬುದನ್ನು ಅದು ಇಂದೇ ಗೊತ್ತುಮಾಡಿಕೊಂಡಿರುತ್ತದೆ.

ಇನ್ನು ನಮ್ಮ ರೀತಿ. 2015ರಲ್ಲಿ ತೊಗರಿಬೇಳೆಯು ಕಿಲೋಗ್ರಾಮಿಗೆ 200 ರೂಪಾಯಿಯವರೆಗೆ ಏರಿದಾಗ ದಿಲ್ಲಿಗೆ ಆಫ್ರಿಕದ ನೆನಪಾಯಿತು. 2016ರ ಜುಲೈಯಲ್ಲಿ ಮೊಜಾಂಬಿಕದೊಡನೆ ಬೇಳೆಕಾಳು ಖರೀದಿಯ ಒಪ್ಪಂದವಾಯಿತು. ಆ ವರ್ಷ ನಮ್ಮಲ್ಲಿಯೂ ಮಳೆ ಚೆನ್ನಾಗಿ ಆಗಿ, ರಾಶಿಯು ಕಣ ತುಂಬಿತು. ಧಾರಣೆಯು ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರೈತನು ಅಗ್ಗದಲ್ಲಿ ಮಾರಿ ಕೈತೊಳೆದುಕೊಂಡ ನಂತರ, 2017ರ ಆಗಸ್ಟಿನಲ್ಲಿ, ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನುಗಳ ಮಿತಿಯನ್ನು ಹಾಕಲಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಸರಕಾರೀ ಒಪ್ಪಂದದ ಕಾಳು ಈ ಮಿತಿಗೆ ಹೊರತಾಗಿದ್ದರೂ ಮೊಜಾಂಬಿಕ, ಮಲಾವಿಗಳಲ್ಲಿ ತೊಗರಿಯ ಬೆಲೆ ಕುಸಿಯಿತು. ಹಿಂದುಸ್ಥಾನವನ್ನು ನಂಬಿ ಬಿತ್ತಿದ ಅಲ್ಲಿಯ ಬಡ ಒಕ್ಕಲಿಗನೂ ಕೆಟ್ಟನು, ಇಲ್ಲಿಯವನೂ ಕೆಟ್ಟನು.

ಮತ್ತೆ 2021ರ ಮೇ ತಿಂಗಳಲ್ಲಿ ಬಾಗಿಲನ್ನು ಪೂರ್ತಿಯಾಗಿ ತೆರೆಯಲಾಯಿತು. ವರ್ಷಕ್ಕೆ 2 ಲಕ್ಷ ಟನ್ನು ಮೊಜಾಂಬಿಕದಿಂದ, 50 ಸಾವಿರ ಟನ್ನು ಮಲಾವಿಯಿಂದ ಎಂದು ಐದು ವರ್ಷಗಳ ಕರಾರುಗಳಾದವು. 2024-25ರಲ್ಲಿ ಬ್ರಹ್ಮದೇಶವೂ ಸೇರಿ ಹೊರಗಿನಿಂದ ಬಂದ ತೊಗರಿಯು ಸುಮಾರು 12 ಲಕ್ಷ ಟನ್ನು. ಇಲ್ಲಿ ಋತುಮಾನವನ್ನು ಗಮನಿಸತಕ್ಕದ್ದು. ಪೂರ್ವ ಆಫ್ರಿಕದ ಬೆಳೆಯು ಶ್ರಾವಣ ಭಾದ್ರಪದದ ಸುಮಾರಿಗೆ ಕೈಗೆ ಬಂದು, ದೀಪಾವಳಿಯ ಆಚೀಚೆ ನಮ್ಮ ಬಂದರುಗಳಿಗೆ ಬಂದಿಳಿಯುತ್ತದೆ. ಜೂನಿನಲ್ಲಿ ಬಿತ್ತಿದ ನಮ್ಮ ತೊಗರಿಯು ರಾಶಿಯಾಗುವುದು ಡಿಸೆಂಬರ, ಜನವರಿಯಲ್ಲಿ. ಆಳಂದದ ರೈತನು ಚೀಲ ಹೇರಿಕೊಂಡು ಪೇಟೆಗೆ ಬರುವ ಹೊತ್ತಿಗೆ ಗಿರಣಿಗಳ ಉಗ್ರಾಣಗಳು ತುಂಬಿರುತ್ತವೆ.

2025ರ ಜನವರಿಯಲ್ಲಿ ನಡೆದುದೂ ಅದೇ. ಬೆಂಬಲ ಬೆಲೆಯು ಕ್ವಿಂಟಲಿಗೆ 7,550 ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತ ಕೆಳಗೆ ಇಳಿಯಿತು. ರಾಜ್ಯ ಸರಕಾರವು 450 ರೂಪಾಯಿಗಳನ್ನು ತನ್ನ ಕಡೆಯಿಂದ ಸೇರಿಸಬೇಕಾಯಿತು. ಅದೇ ತಿಂಗಳಲ್ಲಿ ಕೇಂದ್ರ ಸರಕಾರವು ಸುಂಕವಿಲ್ಲದ ಆಮದಿನ ಅವಧಿಯನ್ನು 2026ರ ಮಾರ್ಚ 31ರವರೆಗೆ ಮುಂದುವರಿಸಿತು. ಒಂದು ಕೈ ಎತ್ತಿದುದನ್ನು ಇನ್ನೊಂದು ಕೈ ಇಳಿಸಿತೆಂದರೆ ತಪ್ಪೇನು?

ಭೀಮೆಯ ನೀರು ಸಿಕ್ಕ ಕಡೆಗೆ ಅಫಜಲಪುರದವರು ಕಬ್ಬು ಹಚ್ಚುವರು. ಮಳೆಯನ್ನೇ ನಂಬಿದ ಹೊಲಗಳಿಗೆ ತೊಗರಿಯೇ ಗತಿ. 2022ರಲ್ಲಿ ನೆಟೆರೋಗವು ನಿಂತ ಬೆಳೆಯನ್ನು ಒಣಗಿಸಿದುದನ್ನು ಈ ಜಿಲ್ಲೆಯವರು ಮರೆತಿಲ್ಲ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ದೊರೆಯಿತು. ಹೆಸರಿಗೆ ರಕ್ಷಣೆ ಬಂದಿತು, ಬೆಲೆಗೆ ಬರಲಿಲ್ಲ. ತಾಮ್ರವನ್ನು ಮಾರಿ ತಂತಿಯನ್ನು ಕೊಳ್ಳುವ ಜಾಂಬಿಯಕ್ಕೂ, ಕಾಳನ್ನು ಮಾರಿ ಬೇಳೆಯನ್ನು ಕೊಳ್ಳುವ ಜೇವರ್ಗಿಯ ರೈತನಿಗೂ ಹೆಚ್ಚು ಅಂತರವಿಲ್ಲ.

ಆಮದನ್ನೇ ನಿಲ್ಲಿಸಬೇಕೆಂದು ನಾವು ಹೇಳುವವರಲ್ಲ. ದೇಶಕ್ಕೆ ವರ್ಷಕ್ಕೆ ಸುಮಾರು 45 ಲಕ್ಷ ಟನ್ನು ತೊಗರಿ ಬೇಕು. ಬೆಳೆಯುವುದು 35 ಲಕ್ಷದ ಆಚೀಚೆ. ಸಂಬಳದ ಮೇಲೆ ಬದುಕುವ ಪಟ್ಟಣಿಗನ ಮನೆಯ ಸಾರಿನ ಪಾತ್ರೆಯೂ ತುಂಬಬೇಕಷ್ಟೆ. ನಮ್ಮ ಆಕ್ಷೇಪಣೆಯು ಆಮದಿನ ಮೇಲಲ್ಲ, ಅದರ ಅನಿಶ್ಚಿತತೆಯ ಮೇಲೆ. ಬೆಲೆ ಏರಿದಾಗ ಗಾಬರಿಯಿಂದ ತೆರೆಯುವುದು, ಬಿದ್ದಾಗ ಗಾಬರಿಯಿಂದ ಮುಚ್ಚುವುದು ವ್ಯಾಪಾರನೀತಿ ಎನಿಸಲಾರದು.

ಆದುದರಿಂದ ನಮ್ಮ ಸೂಚನೆಗಳು ಮೂರು. ಈ ವರ್ಷ ಎಷ್ಟು ತೊಗರಿ ಹೊರಗಿನಿಂದ ಬರುವುದೆಂಬುದನ್ನು ಬಿತ್ತಿಗೆಗೆ ಮುಂಚೆ, ಮೇ ತಿಂಗಳಲ್ಲಿಯೇ, ಸಾರಬೇಕು. ನಮ್ಮ ರಾಶಿಯ ಕಾಲದಲ್ಲಿ ಬಂದರಿಗೆ ಬಂದ ಕಾಳು ಬೆಂಬಲ ಬೆಲೆಗಿಂತ ಅಗ್ಗವಾಗದಷ್ಟು ಸುಂಕವು ತಾನಾಗಿ ಬೀಳುವಂತೆ ನಿಯಮವಿರಬೇಕು. ಖರೀದಿ ಕೇಂದ್ರಗಳು ಮೊದಲ ಚೀಲ ಪೇಟೆಗೆ ಬಂದ ದಿನವೇ ತೆರೆಯಬೇಕು. ಆಫ್ರಿಕದ ದೇಶಗಳಿಗೆ ಕೊಟ್ಟ ಮಾತಿನಷ್ಟು ಕಾಳನ್ನು ತಪ್ಪದೆ ಕೊಳ್ಳೋಣ; ಅದಕ್ಕಿಂತ ಹೆಚ್ಚಿನದನ್ನು ಲೆಕ್ಕ ನೋಡಿ ಕೊಳ್ಳೋಣ.

ಮೊಜಾಂಬಿಕದ ಜಾಂಬೇಜಿಯ ಪ್ರಾಂತದಲ್ಲಿ ತೊಗರಿ ಬಿತ್ತುವವನು ನಮ್ಮ ರೈತನ ವೈರಿಯಲ್ಲ. ಇಬ್ಬರೂ ದಿಲ್ಲಿಯ ಒಂದೇ ತಕ್ಕಡಿಯಲ್ಲಿ ತೂಗುತ್ತಿರುವರು. ಚೀನದ ಸಾಲನೀತಿಯು ನಮಗೆ ಬೇಡ. ಅದರ ದೂರದೃಷ್ಟಿಯಾದರೂ ಬೇಡವೇ? ಲೋಕಸಭೆಯಲ್ಲಿ ಈ ಭಾಗದ ಪರವಾಗಿ ಕುಳಿತವರೂ, ಕಚೇರಿಗಳಲ್ಲಿ ಆಜ್ಞೆಗಳನ್ನು ಬರೆಯುವವರೂ, ಮುಂದಿನ ಮುಂಗಾರಿಯ ಕೂರಿಗೆ ಹೊಲಕ್ಕೆ ಇಳಿಯುವ ಮೊದಲು ಇದಕ್ಕೆ ಉತ್ತರ ಕೊಡಬೇಕೆಂದು ನಾವು ಕೇಳುತ್ತೇವೆ.